ಕುಗ್ಗಿದ ಬೆಂಜ್, ಅಡವಿಟ್ಟ ಬಂಗಾರ

ಪ್ರಶ್ನೆ: ನಾನು ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರ, ವಯಸ್ಸು 41. ಮನೆಯಲ್ಲಿ ಅಪ್ಪ, ಅಮ್ಮ, ಹೆಂಡತಿ, ಇಬ್ಬರು ಮಕ್ಕಳು. ಎರಡು ವರ್ಷದ ಹಿಂದೆ ತೋಟ ಖೇಣಿ ಕೊಟ್ಟು ಬಂದ ದುಡ್ಡಿನಲ್ಲಿ ಬೆಂಗಳೂರಿನಿಂದ 2014ರ ಮಾಡೆಲ್ ಬೆಂಜ್ ಜಿಎಲ್ 350 ಸಿಡಿಐ ತಂದೆ. 18 ಲಕ್ಷ ಕೊಟ್ಟೆ. ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಧರ್ಮಸ್ಥಳಕ್ಕೆ ಹೋಗಿಬಂದ ಸಂತೋಷ ಈಗಲೂ ಮರೆತಿಲ್ಲ. ಆದರೆ ಅಲ್ಲಿಂದಾಚೆ ಟೈರು, ಬ್ಯಾಟರಿ, ಸಸ್ಪೆನ್ಷನ್ ಕಂಪ್ರೆಸರ್ ಅಂತ 5 ಲಕ್ಷ ಹೋಗಿದೆ. ಕಂಪ್ರೆಸರ್ ಹಾಕಿಸುವಾಗ ಕೈಯಲ್ಲಿ ದುಡ್ಡಿರಲಿಲ್ಲ. ಹೆಂಡತಿಗೆ ಹೇಳದೆ ಅವಳ ಹಾರ, ಬಳೆ ಅಡವಿಟ್ಟೆ. ನಾದಿನಿಯ ಮದುವೆಗೆ ಅವಳು ಕೇಳಿದಾಗ ಬ್ಯಾಂಕ್ ಲಾಕರ್‌ನಲ್ಲಿದೆ ಅಂದೆ. ಆಮೇಲೆ ಗೊತ್ತಾಯಿತು. ಆವತ್ತಿನಿಂದ ಸರಿಯಾಗಿ ಮಾತಿಲ್ಲ. ಅಪ್ಪ ಈ ಗಾಡಿ ಹತ್ತುವುದೇ ಬಿಟ್ಟಿದ್ದಾರೆ, ಹಳೇ ಬೊಲೆರೋದಲ್ಲೇ ಓಡಾಡುತ್ತಾರೆ.

ಈಗ ಒಂದು ತಿಂಗಳಿಂದ ಬೆಳಿಗ್ಗೆ ನೋಡಿದರೆ ಮುಂದಿನ ಎಡಗಡೆ ಕುಗ್ಗಿ ಕೂತಿರುತ್ತದೆ. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಎದ್ದು ನಿಲ್ಲುತ್ತದೆ. ಸರ್ವೀಸ್ ಸೆಂಟರ್‌ನವರು ಮುಂದಿನ ಎರಡೂ ಸ್ಟ್ರಟ್, ಮತ್ತೆ ಕಂಪ್ರೆಸರ್ ಸೇರಿ 5 ಲಕ್ಷ 60 ಸಾವಿರ ಅಂದಿದ್ದಾರೆ. ಸ್ನೇಹಿತರೊಬ್ಬರು, ಇದನ್ನು ಕೊಟ್ಟು ಮೇಲೆ ಸ್ವಲ್ಪ ಹಾಕಿ ದೆಹಲಿಯಿಂದ ರೇಂಜ್ ರೋವರ್ ತರೋಣ ಅನ್ನುತ್ತಾರೆ. ಇನ್ನೊಬ್ಬರು, ದೊಡ್ಡ ಅಲಾಯ್ ಹಾಕಿ ರೀಮ್ಯಾಪ್ ಮಾಡಿಸಿದರೆ ಹೊಸ ಗಾಡಿ ಥರ ಆಗುತ್ತದೆ ಅನ್ನುತ್ತಾರೆ. ಮಾರಿಬಿಟ್ಟರೆ ಊರಲ್ಲಿ ಏನಂದಾರು ಅನ್ನುವ ಸಂಕಟ ಬೇರೆ. ಏನು ಮಾಡಲಿ?

ಉತ್ತರ: ನಿಮ್ಮ ಕಾಗದದಲ್ಲಿ ಎರಡು ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಗಾಡಿಯದು ಲೆಕ್ಕಕ್ಕೆ ಸಿಗುವಂಥದ್ದು. ಅದನ್ನು ಮೊದಲು ಬಿಡಿಸೋಣ, ಆಮೇಲೆ ಮನೆಯ ಮಾತಿಗೆ ಬರುತ್ತೇನೆ. ಆದರೆ ದುಡ್ಡು ಹಾಕುವಾಗ ಮಾತ್ರ ಈ ಕ್ರಮ ತಿರುಗಬೇಕು: ಮೊದಲು ಮನೆ, ಆಮೇಲೆ ಗಾಡಿ.

ನೀವು ಬರೆದ ಒಂದು ಮಾತು ಸರ್ವೀಸ್ ಸೆಂಟರ್‌ನ ಪಟ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬರುವಂಥದ್ದು. ಸ್ಟಾರ್ಟ್ ಮಾಡಿದರೆ ಗಾಡಿ ಎದ್ದು ನಿಲ್ಲುತ್ತದೆ ಅಂದಿದ್ದೀರಿ. ಹಾಗಾದರೆ ಕಂಪ್ರೆಸರ್ ಇನ್ನೂ ಜೀವಂತ ಇದೆ. ಜಿಎಲ್‌ನಲ್ಲಿ ನಾಲ್ಕು ಮೂಲೆಗೂ ಕಬ್ಬಿಣದ ಸ್ಪ್ರಿಂಗ್ ಬದಲು ರಬ್ಬರಿನ ಗಾಳಿಚೀಲ. ಹತ್ತು ವರ್ಷ ದಾಟಿದ ರಬ್ಬರು ಬಿಸಿಲು, ಧೂಳು, ಗುಂಡಿಗಳಿಗೆ ಒಣಗಿ, ಮಡಿಕೆ ಬೀಳುವ ಜಾಗದಲ್ಲಿ ಕೂದಲೆಳೆಯಷ್ಟು ಬಿರಿಯುತ್ತದೆ. ರಾತ್ರಿಯಿಡೀ ಅಲ್ಲಿಂದ ಗಾಳಿ ಹೋಗುತ್ತದೆ, ಬೆಳಿಗ್ಗೆ ಕಂಪ್ರೆಸರ್ ಅದನ್ನು ತುಂಬುತ್ತದೆ. ದಾರಿಯಲ್ಲೂ ಮತ್ತೆ ಮತ್ತೆ ತುಂಬುತ್ತಲೇ ಇರುತ್ತದೆ. ಸ್ವಲ್ಪ ಹೊತ್ತು ಓಡಿ ನಿಲ್ಲುವುದಕ್ಕೆಂದು ಮಾಡಿದ ಯಂತ್ರ ಅದು. ಹೀಗೆ ಬಿಡುವಿಲ್ಲದೆ ದುಡಿದರೆ ಕಾದು ಸುಟ್ಟುಹೋಗುತ್ತದೆ. ಹಿಂದಿನ ಸಲ ಕಂಪ್ರೆಸರ್ ಬದಲಿಸಿದಾಗ ಸೋರಿಕೆ ಎಲ್ಲಿದೆ ಎಂದು ಯಾರೂ ನೋಡಿರಲಿಕ್ಕಿಲ್ಲ. ಸೋರಿಕೆ ಬಿಟ್ಟು ಕಂಪ್ರೆಸರ್ ಮಾತ್ರ ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಈ ಕಾರಣಕ್ಕೇ ದಯವಿಟ್ಟು ಇನ್ನು ಈ ಸ್ಥಿತಿಯಲ್ಲಿ ಗಾಡಿ ಓಡಿಸಬೇಡಿ.

ಪರೀಕ್ಷೆಗೆ ದುಡ್ಡು ಬೇಡ. ಸಂಜೆ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಕಡೆ ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪಿನಲ್ಲಿ ಅಳತೆ ತೆಗೆದು ಬರೆದಿಡಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಮತ್ತೆ ಅಳೆಯಿರಿ. ಯಾವ ಮೂಲೆ ಎಷ್ಟು ಇಳಿದಿದೆ ಎಂಬುದು ಕಾಗದದ ಮೇಲೆ ಸಿಗುತ್ತದೆ. ಆಮೇಲೆ ಮೆಕ್ಯಾನಿಕ್ ಒಬ್ಬರು ಗಾಡಿಯನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಆ ಗಾಳಿಚೀಲದ ಮೇಲೂ ಗಾಳಿಯ ಪೈಪು ಸೇರುವ ಜಾಗದ ಮೇಲೂ ಸೋಪಿನ ನೀರು ಚಿಮುಕಿಸಲಿ. ಗುಳ್ಳೆ ಏಳುವ ಕಡೆ ಸೋರಿಕೆ. ಕೆಲವೊಮ್ಮೆ ಸೋರುವುದು ಚೀಲವಲ್ಲ, ಪೈಪಿನ ತುದಿಯ ಸಣ್ಣ ಫಿಟ್ಟಿಂಗ್. ಆಗ ಖರ್ಚು ಎಷ್ಟೋ ಕಡಿಮೆ. ಒಂದು ಎಚ್ಚರಿಕೆ ಮರೆಯಬೇಡಿ: ಬರೀ ಗಾಳಿಯ ಮೇಲೆ, ಇಲ್ಲವೇ ಬರೀ ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಯಾರೂ ಕೈ, ತಲೆ ಹಾಕಕೂಡದು. ಸುಮಾರು ಎರಡೂವರೆ ಟನ್ ತೂಕ ಅದು.

ಚೀಲವೇ ಹೋಗಿದ್ದರೆ ಮುಂದಿನ ಎರಡನ್ನೂ ಒಟ್ಟಿಗೆ ಬದಲಿಸುವುದು ಸರಿಯೇ. ಎರಡಕ್ಕೂ ಒಂದೇ ವಯಸ್ಸು, ಬಲಗಡೆಯದು ನಾಳೆಯೋ ನಾಡಿದ್ದೋ ಸೋರುತ್ತದೆ. ಈ ಗಾಡಿಯಲ್ಲಿ ಮುಂದಿನ ಗಾಳಿಚೀಲ ಮತ್ತು ಶಾಕ್ ಅಬ್ಸಾರ್ಬರ್ ಸೇರಿ ಸ್ಟ್ರಟ್ ಎಂಬ ಒಂದೇ ಜೋಡಣೆ, ಬೆಲೆ ಜಾಸ್ತಿ ಇರುವುದು ಅದಕ್ಕೆ. ಆದರೆ ಕಂಪನಿಯ ಪೆಟ್ಟಿಗೆಯಲ್ಲಿ ಬಂದದ್ದೇ ಆಗಬೇಕು ಎಂದೇನೂ ಇಲ್ಲ. ಅಮೆರಿಕದ ಆರ್ನಾಟ್‌ನಂಥ ಸಂಸ್ಥೆಗಳು ಹಳೆಯ ಸ್ಟ್ರಟ್‌ಗೆ ಹೊಸ ರಬ್ಬರ್ ಹಾಕಿ ಸಿದ್ಧಪಡಿಸಿ ಮಾರುತ್ತವೆ. ಜರ್ಮನಿಯ ಬಿಡಿಭಾಗ ತಯಾರಕರದ್ದೂ ಸಿಗುತ್ತದೆ. ಬೆಂಗಳೂರಿನಲ್ಲಿ ಬೆಂಜ್ ಕೆಲಸವನ್ನೇ ಮಾಡುವ ಖಾಸಗಿ ಗ್ಯಾರೇಜುಗಳಿವೆ. ಎರಡು ಕಡೆ ಲಿಖಿತ ಅಂದಾಜು ಕೇಳಿ. ಬಿಡಿಭಾಗ ಯಾವ ತಯಾರಿಕೆಯದು, ಎಷ್ಟು ತಿಂಗಳ ವಾರಂಟಿ, ಮಜೂರಿ ಎಷ್ಟು, ಎಲ್ಲ ಬೇರೆ ಬೇರೆ ಬರೆಸಿಕೊಳ್ಳಿ. ಶಿವಾಜಿನಗರದ ಗುಜರಿಯಲ್ಲಿ ಬಾಗಿಲ ಗಾಜು, ಕನ್ನಡಿ, ಸೀಟಿನ ಸ್ವಿಚ್ ಹುಡುಕಿದರೆ ತಪ್ಪಿಲ್ಲ. ಹಳೆಯ ಗಾಳಿಚೀಲವನ್ನು ಮಾತ್ರ ಅಲ್ಲಿಂದ ತರಬೇಡಿ. ಸೋರಿಕೆ ನಿಂತಮೇಲೆ ಕಂಪ್ರೆಸರ್ ಎಷ್ಟು ಹೊತ್ತಿನಲ್ಲಿ ಗಾಡಿಯನ್ನು ಎತ್ತುತ್ತದೆ ಎಂದು ನೋಡಿ, ಅದನ್ನು ಬದಲಿಸುವ ಮಾತು ಆಗ ಆಡಿ. ಅದರ ರಿಲೇ ಅಗ್ಗದ್ದು, ಅದನ್ನು ಹೇಗೂ ಹೊಸದು ಹಾಕಿಸಿ.

ಎಂಜಿನ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ನಿಮ್ಮದು ಒಎಂ642 ಎಂಬ ಮೂರು ಲೀಟರಿನ ವಿ6 ಡೀಸೆಲ್. ಗಟ್ಟಿ ಎಂಜಿನ್. ಅದರ ಒಂದು ದೌರ್ಬಲ್ಯ ಆಯಿಲ್ ಕೂಲರ್‌ನ ಸೀಲುಗಳು. ಅವು ಇರುವುದು ಎಂಜಿನ್ನಿನ ಎರಡು ಸಾಲುಗಳ ನಡುವಿನ ಕಣಿವೆಯಲ್ಲಿ, ಟರ್ಬೊ ಅಡಿಯಲ್ಲಿ. ಅಲ್ಲಿ ಸೋರಿದ ಆಯಿಲ್ ಹಿಂದಕ್ಕೆ ಹರಿದು ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ ತೊಟ್ಟಿಕ್ಕುತ್ತದೆ. ಅದನ್ನು ಕಂಡ ಮೆಕ್ಯಾನಿಕ್ ಹಿಂದಿನ ಕ್ರ್ಯಾಂಕ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎನ್ನುವ ಸಂಭವ ಇದೆ. ಇಳಿಸಿ, ಸೀಲ್ ಹಾಕಿ, ಏರಿಸಿದ ಮೇಲೂ ತೊಟ್ಟಿಕ್ಕುವುದು ನಿಲ್ಲುವುದಿಲ್ಲ. ಹಾಗಾಗಿ ಯಾರಾದರೂ ಗೇರ್‌ಬಾಕ್ಸ್ ಇಳಿಸುವ ಮಾತೆತ್ತಿದರೆ, ಮೊದಲು ಮೇಲಿನ ಕಣಿವೆಯಲ್ಲಿ ಆಯಿಲ್ ನಿಂತಿದೆಯೇ ನೋಡಿ ಎನ್ನಿ. ಸೀಲುಗಳ ಬೆಲೆ ಅಲ್ಪ, ಅವನ್ನು ಮುಟ್ಟಲು ಬಿಚ್ಚಿ ಜೋಡಿಸುವ ಮಜೂರಿಯೇ ದೊಡ್ಡದು. ಇನ್ನು ಆಯಿಲ್: ಡಬ್ಬಿಯ ಮೇಲೆ ಎಂಬಿ 229.51 ಅಥವಾ 229.52 ಎಂದು ಬರೆದಿರಬೇಕು. ಅದಿಲ್ಲದ ಆಯಿಲ್ ಎಷ್ಟೇ ಹೆಸರುವಾಸಿ ಇದ್ದರೂ ಬೇಡ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಎಂದು ಬರೀ ಹತ್ತಿರದ ಓಡಾಟ ಮಾಡಿದರೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಗಾಗ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿದರೆ ಆ ಮಸಿ ತಾನೇ ಉರಿದುಹೋಗುತ್ತದೆ. ನಿತ್ಯದ ಓಡಾಟಕ್ಕೆ ಬೊಲೆರೋ ಹಿಡಿದಿರುವ ನಿಮ್ಮ ತಂದೆ ಮಾಡುತ್ತಿರುವುದು ಜಿಎಲ್‌ನ ಮಟ್ಟಿಗೂ ಒಳ್ಳೆಯದೇ.

ದೊಡ್ಡ ಅಲಾಯ್ ಮತ್ತು ರೀಮ್ಯಾಪ್, ಎರಡೂ ಬೇಡ. ಚಕ್ರ ದೊಡ್ಡದಾದಷ್ಟೂ ಟೈರಿನ ಪಕ್ಕದ ರಬ್ಬರ್ ತೆಳುವಾಗುತ್ತದೆ, ಗುಂಡಿಯ ಏಟು ನೇರ ಹೋಗಿ ಬೀಳುವುದು ನೀವು ಈಗಷ್ಟೇ ಹಾಕಿಸುವ ಸ್ಟ್ರಟ್‌ಗೆ. ರೀಮ್ಯಾಪ್ ಎಂದರೆ ಹತ್ತು ವರ್ಷ ದುಡಿದ ಟರ್ಬೊ, ಗೇರ್‌ಬಾಕ್ಸ್‌ಗಳಿಂದ ಇನ್ನಷ್ಟು ದುಡಿಮೆ ಕೇಳುವುದು. ಈ ಎಂಜಿನ್ನಿಗೆ ಶಕ್ತಿಯ ಕೊರತೆ ಯಾವತ್ತೂ ಇರಲಿಲ್ಲ. ಕಾನೂನೂ ನಿಮ್ಮ ಕಡೆ ನಿಲ್ಲುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಮುಂದೆ ಕಬ್ಬಿಣದ ಬಂಪರ್ ಗಾರ್ಡ್ ಹಾಕಿಸೋಣ ಎಂದರೆ ಅದಕ್ಕೂ 2017ರಿಂದ ಕೇಂದ್ರ ಸರ್ಕಾರದ ತಡೆ ಇದೆ. ಅಪಘಾತವಾದಾಗ ವಿಮೆಯವರು ಮೊದಲು ಬೆರಳು ತೋರಿಸುವುದು ಇಂಥವುಗಳ ಕಡೆಗೇ. ಈ ಗಾಡಿಗೆ ಏನಾದರೂ ಮೇಲ್ದರ್ಜೆಯದು ಮಾಡಿಸುವ ಆಸೆ ಇದ್ದರೆ ನಾಲ್ಕೂ ಒಂದೇ ಕಂಪನಿಯ, ಒಂದೇ ಸಮ ಸವೆದ ಒಳ್ಳೆಯ ಟೈರು ಮತ್ತು ಹೊಸ ಬ್ರೇಕ್ ಪ್ಯಾಡ್ ಹಾಕಿಸಿ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಯಲ್ಲಿ ಎರಡು ಹೊಸದು, ಎರಡು ಸವೆದದ್ದು ಎಂದು ಬೆರೆಸಿದರೆ ಒಳಗಿನ ಗೇರುಗಳಿಗೆ ಪೆಟ್ಟು.

ದೆಹಲಿಯ ಗಾಡಿ ಅಗ್ಗ ಏಕೆ ಎಂದು ನಿಮ್ಮ ಸ್ನೇಹಿತರನ್ನು ಕೇಳಿದ್ದೀರಾ? 2015ರ ಹಸಿರು ನ್ಯಾಯಮಂಡಳಿಯ ಆದೇಶ, 2018ರಲ್ಲಿ ಅದಕ್ಕೆ ಸಿಕ್ಕ ಸುಪ್ರೀಂ ಕೋರ್ಟ್ ಬೆಂಬಲ, ಇವುಗಳಿಂದ ಹತ್ತು ವರ್ಷದ ಡೀಸೆಲ್ ಗಾಡಿಗಳಿಗೆ ಅಲ್ಲಿ ನೆಲೆ ಇಲ್ಲದಂತಾಗಿ ಬೆಲೆ ಬಿತ್ತು. ಬಿದ್ದ ಬೆಲೆಯ ಗಾಡಿಯನ್ನು ಇಲ್ಲಿಗೆ ತಂದರೆ ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು, ಇಲ್ಲಿ ಮರುನೋಂದಣಿ ಆಗಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಆ ತೆರಿಗೆಯ ಲೆಕ್ಕ ನೀವು ಕೊಟ್ಟ ಬೆಲೆಯ ಮೇಲಲ್ಲ, ಗಾಡಿಯ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ. ಕೋಟಿ ಬೆಲೆಯ ಗಾಡಿಗೆ ಅದು ಲಕ್ಷಗಳಲ್ಲಿ ಬರುತ್ತದೆ. ಮೇಲಾಗಿ ರೇಂಜ್ ರೋವರ್ ಕೂಡ ಗಾಳಿಯ ಮೇಲೆಯೇ ನಿಲ್ಲುವ ಗಾಡಿ. ಇವತ್ತು ಕಾಡುತ್ತಿರುವ ಖರ್ಚು ಅಲ್ಲೂ ನಿಮ್ಮನ್ನು ಬಿಡುವುದಿಲ್ಲ. ಮುಂದೆ ಎಂದಾದರೂ ಯಾವುದಾದರೂ ಹಳೇ ಗಾಡಿ ನೋಡಲು ಹೋದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಕಂಡರೆ ನೀರಲ್ಲಿ ಮುಳುಗಿದ ಗಾಡಿ. 2015ರಲ್ಲಿ ಚೆನ್ನೈನಲ್ಲಿ, 2022ರಲ್ಲಿ ಬೆಂಗಳೂರಿನ ಯಮಲೂರಿನಲ್ಲಿ ಎಷ್ಟೋ ದುಬಾರಿ ಗಾಡಿಗಳು ಮುಳುಗಿದವು.

ವಿಮೆಯದು ಒಂದೇ ಮಾತು. ಹಳೇ ಗಾಡಿ ಕೊಂಡ 14 ದಿನದೊಳಗೆ ಪಾಲಿಸಿಯನ್ನು ಕೊಂಡವರ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ನಿಮ್ಮ ಆರ್‌ಸಿ, ಪಾಲಿಸಿ ಎರಡರಲ್ಲೂ ನಿಮ್ಮದೇ ಹೆಸರಿದೆಯೇ ಎಂದು ಇವತ್ತೇ ತೆಗೆದು ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ಲೆಕ್ಕದ ತಿರುಳು ಇದು: ನೀವು ಕೊಟ್ಟದ್ದು 18 ಲಕ್ಷ, ಸಾಕುತ್ತಿರುವುದು ಹೊಸದರಲ್ಲಿ 70 ಲಕ್ಷ ದಾಟಿದ್ದ ಗಾಡಿಯನ್ನು. ಗಾಡಿಯ ಬೆಲೆ ಇಳಿಯಿತು, ಅದರ ಬಿಡಿಭಾಗಗಳ ಬೆಲೆ ಇಳಿಯಲಿಲ್ಲ. ಎರಡು ವರ್ಷಕ್ಕೆ 5 ಲಕ್ಷ ಹೋದದ್ದು ನಿಮ್ಮ ದುರದೃಷ್ಟವಲ್ಲ, ಇಂಥ ಗಾಡಿಯ ಸಾಮಾನ್ಯ ಖರ್ಚು. ಕೊಳ್ಳುವ ದಿನವೇ ಅದನ್ನು ಯಾರಾದರೂ ನಿಮಗೆ ಹೇಳಬೇಕಿತ್ತು. ವರ್ಷಕ್ಕೆ ಎರಡರಿಂದ ಎರಡೂವರೆ ಲಕ್ಷ ಬದಿಗಿಟ್ಟರೂ ಮನೆ, ತೋಟ, ಮಕ್ಕಳ ಓದು ಸಲೀಸಾಗಿ ನಡೆಯುತ್ತದೆ ಎಂದಾದರೆ ಗಾಡಿ ಇರಲಿ. ನಡೆಯದು ಎಂದಾದರೆ ಸಸ್ಪೆನ್ಷನ್ ರಿಪೇರಿ ಮಾಡಿಸಿ ಮಾರಿ, ಕುಗ್ಗಿ ಕೂತ ಗಾಡಿಗೆ ಯಾರೂ ನ್ಯಾಯವಾದ ಬೆಲೆ ಕಟ್ಟುವುದಿಲ್ಲ. 2029ಕ್ಕೆ ನೋಂದಣಿಯ 15 ವರ್ಷ ತುಂಬುತ್ತದೆ, ಫಿಟ್‌ನೆಸ್, ಹಸಿರು ತೆರಿಗೆ ಬರುತ್ತವೆ. ಆ ಹೊತ್ತಿಗೆ ಕೊಳ್ಳುವವರು ಇನ್ನೂ ಕಡಿಮೆಯಾಗುತ್ತಾರೆ. ಊರಿನವರ ಮಾತಿಗೆ ಹೆದರಿ ಇಟ್ಟುಕೊಳ್ಳಬೇಡಿ. ಅವರು ಒಂದು ವಾರ ಮಾತಾಡಿಕೊಳ್ಳುತ್ತಾರೆ, ಬಿಲ್ಲು ಕಟ್ಟುವವರು ನೀವು.

ಈಗ ಮನೆಯ ಮಾತು. ನಿಮ್ಮ ಹೆಂಡತಿಯ ಸಿಟ್ಟು ಗಾಡಿಯ ಮೇಲಿನದು ಎಂದು ನನಗೆ ಅನ್ನಿಸುತ್ತಿಲ್ಲ. ಧರ್ಮಸ್ಥಳಕ್ಕೆ ಅವರೂ ಸಂತೋಷದಿಂದಲೇ ಬಂದಿದ್ದರಲ್ಲ. ತಂಗಿಯ ಮದುವೆಯಲ್ಲಿ ನೆಂಟರ ಮುಂದೆ ಬರಿಗೊರಳಲ್ಲಿ ನಿಲ್ಲಬೇಕಾಯಿತು, ಅದಕ್ಕೆ ಕಾರಣವನ್ನು ನೀವು ಮರೆಮಾಚಿದಿರಿ. ಅಡವಿಟ್ಟದ್ದಕ್ಕಿಂತ ಲಾಕರ್‌ನಲ್ಲಿದೆ ಎಂದ ಮಾತು ಅವರನ್ನು ಹೆಚ್ಚು ನೋಯಿಸಿದೆ. ಅದು ಅವರ ಬಂಗಾರ. ತವರಿನದ್ದೂ ಅದರಲ್ಲಿ ಇರಬಹುದು. ಕ್ಷಮೆ ಕೇಳುವಾಗ ಗಾಡಿಯ ಕಷ್ಟಗಳನ್ನು ಅದರ ಜೊತೆ ಹೇಳಬೇಡಿ, ಕಾರಣ ಕೊಟ್ಟರೆ ಕ್ಷಮೆಯ ತೂಕ ಹೋಗುತ್ತದೆ. ತಪ್ಪಾಯಿತು ಎಂದಷ್ಟೇ ಹೇಳಿ. ಬೇರೊಂದು ದಿನ ಎಲ್ಲ ಬಿಲ್ಲು, ಅಡವಿನ ಚೀಟಿ, ಬಡ್ಡಿಯ ಲೆಕ್ಕ ಅವರ ಮುಂದಿಟ್ಟು ಗಾಡಿ ಇಡಬೇಕೋ ಮಾರಬೇಕೋ ಎಂದು ಕೇಳಿ. ಕೇಳಿದಮೇಲೆ ಅವರು ಹೇಳಿದ್ದನ್ನು ಒಪ್ಪಿಕೊಳ್ಳುವ ಮನಸ್ಸು ನಿಮಗಿರಬೇಕು. ಬೇಡ ಎಂದರೆ ಬೇಡ. ಆ ಮಾತಿನ ವೇಳೆ ನಿಮ್ಮ ತಂದೆಯೂ ಅಲ್ಲಿ ಇರಲಿ. ಅವರು ಗಾಡಿ ಹತ್ತದಿರುವುದು ಸೊಸೆಯ ಪರವಾಗಿ ಹೇಳುತ್ತಿರುವ ಮಾತು ಎಂದು ನನಗೆ ತೋರುತ್ತದೆ. ಅವರೊಡನೆ ಬೇರೆ ರಾಜಿ ಬೇಕಾಗಲಿಕ್ಕಿಲ್ಲ.

ಈ ವರ್ಷದ ಖೇಣಿಯ ಮೊದಲ ಕಂತು ಬಂದ ದಿನ ಹೆಂಡತಿಯನ್ನು ಕರೆದುಕೊಂಡು ಹೋಗಿ ಹಾರ, ಬಳೆ ಬಿಡಿಸಿ ಅವರ ಕೈಗೇ ಕೊಡಿ. ಸ್ಟ್ರಟ್ ಎರಡನೇ ಕಂತಿಗೆ ಕಾಯಲಿ. ಅಲ್ಲಿಯವರೆಗೆ ಜಿಎಲ್ ಶೆಡ್ಡಿನಲ್ಲಿ ನಿಂತಿರಲಿ. ಬ್ಯಾಟರಿ ಇಳಿಯದಂತೆ ಚಾರ್ಜರ್ ಹಾಕಿ. ತೋಟದ ಶೆಡ್ಡು ಅಂದಮೇಲೆ ಇಲಿ ಕಾಟ ಇದ್ದೇ ಇರುತ್ತದೆ, ವಾರಕ್ಕೊಮ್ಮೆ ಬಾನೆಟ್ ತೆಗೆದು ವೈರುಗಳನ್ನು ನೋಡುತ್ತಿರಿ.