ಅಳಿಸಲಾಗದ ಕಡತ

ಗಣಕಯಂತ್ರದ ‘ಫೈಲ್’ಗೆ ನಾವು ಕಡತವೆನ್ನುತ್ತೇವೆ. ಹಿಂದೆ ಕಡತವೆಂದರೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಲೇಪಿಸಿ ಮಡಿಸಿದ ಕಪ್ಪು ಬಟ್ಟೆಯ ಪುಸ್ತಕ. ಶಾನುಭೋಗರೂ ವರ್ತಕರೂ ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬರೆದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು; ಇದು ಅದರ ಗುಣವೂ ಹೌದು, ದೋಷವೂ ಹೌದು. ಹೆಸರಿನೊಡನೆ ಆ ದೋಷವೂ ಗಣಕಯಂತ್ರಕ್ಕೆ ಬಂದಿತೆನ್ನಬೇಕು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳು ಪ್ರತಿದಿನ ಬೆಳಿಗ್ಗೆ 8.30ಕ್ಕೆ ಮಳೆಯನ್ನಳೆದು, ಲೈನಕ್ಸ್ ವ್ಯವಸ್ಥೆಯುಳ್ಳ ಒಂದು ಗಣಕಯಂತ್ರದಲ್ಲಿ ಬರೆದಿಡುತ್ತಾರೆಂದು ಭಾವಿಸೋಣ. ಯಾರದೋ ಬೆರಳು ಜಾರಿ ಜೂನ್ ತಿಂಗಳ ಅಂಕಿಗಳೆಲ್ಲ ಅಳಿಸಿಹೋದರೆ ಗತಿಯೇನು? ಸುರಿದುಹೋದ ಮಳೆಯನ್ನು ಮತ್ತೆ ಅಳೆಯುವಂತಿಲ್ಲ. ಮಳೆ ಅಪರೂಪವಾದ ಪಾವಗಡದಂಥ ಸೀಮೆಯಲ್ಲಿ ಒಂದೊಂದು ಅಂಕಿಗೂ ಬೆಲೆಯುಂಟು.

ಕಡತಕ್ಕೆ ‘ಓದಲು ಮಾತ್ರ’ ಎಂಬ ಸಾಮಾನ್ಯ ಅನುಮತಿಯನ್ನಿತ್ತರೆ ಸಾಲದೇ ಎಂದು ವಾಚಕರು ಕೇಳಬಹುದು. ಸಾಲದು. ಕಡತದ ಹೆಸರು ಇರುವುದು ಡೈರೆಕ್ಟರಿ ಎಂಬ ಪಟ್ಟಿಯಲ್ಲಿ. ಆ ಪಟ್ಟಿಯಲ್ಲಿ ಬರೆಯುವ ಅಧಿಕಾರವುಳ್ಳವನು, ಕಡತವನ್ನು ತಿದ್ದಲಾರದಿದ್ದರೂ, ಅದರ ಹೆಸರನ್ನೇ ಹೊಡೆದುಹಾಕಬಲ್ಲನು. ಪುಸ್ತಕದ ಪುಟಗಳಿಗೆ ಬೀಗ ಹಾಕಿ, ಪುಸ್ತಕವನ್ನೇ ಬಾವಿಗೆಸೆಯಲು ಬಿಟ್ಟಂತಾಯಿತು! ವ್ಯವಸ್ಥೆಯ ಮೇಲ್ವಿಚಾರಕನಿಗಂತೂ ಈ ಅನುಮತಿಗಳ ತಡೆಯೇ ಇಲ್ಲ.

ಇದಕ್ಕೆ ಬೇರೊಂದು ಉಪಾಯವಿದೆ. ಲೈನಕ್ಸಿನ ಎರಡನೆಯ ವಿಸ್ತೃತ ಕಡತವ್ಯವಸ್ಥೆ 1993ರಲ್ಲಿ ಬಂದಿತು. ಅದರ ಕರ್ತೃ ರೆಮಿ ಕಾರ್ಡ್ ಅವರೇ ಕಡತಗಳ ಗುಣಸೂಚಕಗಳನ್ನು ಬದಲಿಸುವ ಆದೇಶವೊಂದನ್ನೂ ರಚಿಸಿದರು. ಅದು ‘ಸಿ, ಎಚ್, ಎ, ಟಿ, ಟಿ, ಆರ್’ ಎಂಬ ಆರು ಅಕ್ಷರಗಳದು. ಮೇಲ್ವಿಚಾರಕನು ಈ ಅಕ್ಷರಗಳ ಮುಂದೆ ಸ್ವಲ್ಪ ಸ್ಥಳ ಬಿಟ್ಟು, ಕೂಡುವ ಚಿಹ್ನೆಯನ್ನೂ ‘ಐ’ ಅಕ್ಷರವನ್ನೂ ಒತ್ತಾಗಿ ಬರೆದು, ಮತ್ತೆ ಸ್ಥಳ ಬಿಟ್ಟು ಕಡತದ ಹೆಸರನ್ನು ಬರೆದರೆ, ಕಡತವು ಶಿಲಾಶಾಸನದಂತಾಗುತ್ತದೆ. ಅದನ್ನು ತಿದ್ದಲು, ಅಳಿಸಲು, ಹೆಸರು ಬದಲಿಸಲು ಮೇಲ್ವಿಚಾರಕನಿಗೂ ಆಗದು.

ಆದರೆ ನಮ್ಮ ಮಳೆಯ ಲೆಕ್ಕ ದಿನದಿನವೂ ಬೆಳೆಯತಕ್ಕದ್ದು. ಆದಕಾರಣ ‘ಐ’ ಬದಲು ‘ಎ’ ಎಂಬ ಸೂಚಕವೇ ಇಲ್ಲಿ ಯುಕ್ತ. ಆಗ ಕೊನೆಯಲ್ಲಿ ಹೊಸ ಸಾಲನ್ನು ಸೇರಿಸಬಹುದು, ಹಳೆಯದನ್ನು ಮುಟ್ಟಲಾಗದು. ನಿನ್ನೆ 12 ಮಿಲಿಮೀಟರ್ ಎನ್ನುವಲ್ಲಿ 21 ಎಂದು ಬರೆದಿದ್ದರೆ? ಕೆಳಗೆ ಇನ್ನೊಂದು ಸಾಲಿನಲ್ಲಿ ತಿದ್ದುಪಡಿ ಬರೆಯಬೇಕು. ತಪ್ಪೂ ಉಳಿಯುತ್ತದೆ, ತಿದ್ದಿದ್ದೂ ಉಳಿಯುತ್ತದೆ. ನನ್ನ ಮಟ್ಟಿಗೆ ಇದೇ ಈ ಸೂಚಕದ ದೊಡ್ಡ ಉಪಕಾರ.

ಕೂಡುವ ಚಿಹ್ನೆಗೆ ಬದಲು ಕಳೆಯುವ ಚಿಹ್ನೆಯನ್ನು ಬಳಸಿ ಮೇಲ್ವಿಚಾರಕನು ಸೂಚಕವನ್ನು ತೆಗೆಯಬಲ್ಲನು. ಹಾಗೆ ತೆಗೆದ ಮೇಲೆ ಮಾತ್ರ ಹಳೆಯ ಸಾಲುಗಳು ಅವನ ಕೈಗೆ ಸಿಕ್ಕುತ್ತವೆ. ಕಡತವನ್ನು ನಕಲು ಮಾಡಿದರೆ ಸೂಚಕವು ನಕಲಿನೊಡನೆ ಹೋಗುವುದಿಲ್ಲ. ಇನ್ನು ಡಿಸ್ಕೇ ಕೆಟ್ಟುಹೋದರೆ ಯಾವ ಸೂಚಕವೂ ಕಾಯಲಾರದು. ಅದಕ್ಕಾಗಿ ಬೇರೊಂದೆಡೆ ಪ್ರತಿಯನ್ನಿಡಲೇಬೇಕು.