ಹಲ್ಲು ಎಣಿಸಿ, ಗೇರು ಕಲಿಯಿರಿ

ಸಿವಿಲ್, ಕಂಪ್ಯೂಟರ್ ಓದಿದ ಎಂಜಿನಿಯರುಗಳು ಗೇರಿನ ಮಾತು ಬಂದರೆ ಹಿಂಜರಿಯುವುದುಂಟು. ಗುಣಾಕಾರ, ಭಾಗಾಕಾರ ಬಂದವರಿಗೆ ಆ ಅಳುಕು ಬೇಡ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರಿಗೆ ಕಲಿಯುವ ಸಾಮಗ್ರಿ ಮನೆ, ಹೊಲ, ಸಂತೆಯಲ್ಲೇ ಇದೆ.

1. ಸೈಕಲ್ಲಿನ ಹಲ್ಲು ಎಣಿಸಿ
ಸೈಕಲ್ ಸ್ಟ್ಯಾಂಡ್ ಹಾಕಿ. ಪೆಡಲ್ ಚಕ್ರದಲ್ಲಿ 44, ಹಿಂದಿನ ಫ್ರೀವೀಲಿನಲ್ಲಿ 22 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಹಿಂಗಾಲಿ ಎರಡು ಸುತ್ತು ತಿರುಗುತ್ತದೆ. ಗಾಲಿಗೆ ಸೀಮೆಸುಣ್ಣದ ಗುರುತು ಹಾಕಿ ಪರೀಕ್ಷಿಸಿ. ಚೈನಿನಲ್ಲೂ ಗೇರಿನಲ್ಲೂ ಲೆಕ್ಕ ಇದೇ.

2. ದಿಕ್ಕು ಗಮನಿಸಿ
ಕಬ್ಬಿನ ಹಾಲಿನ ಅಂಗಡಿಯಲ್ಲಿ ದೂರ ನಿಂತು ನೋಡಿ. ಒಂದಕ್ಕೊಂದು ಕೂಡಿದ ಹಲ್ಲುಚಕ್ರಗಳು ಎದುರು ದಿಕ್ಕಿಗೆ ತಿರುಗುತ್ತವೆ. ಅದರಿಂದಲೇ ಉರುಳೆಗಳು ಕಬ್ಬನ್ನು ಒಳಗೆಳೆದುಕೊಳ್ಳುತ್ತವೆ. ಚೈನ್ ಹಾಕಿದ ಎರಡು ಚಕ್ರಗಳಾದರೆ ಒಂದೇ ದಿಕ್ಕಿಗೆ ತಿರುಗುತ್ತವೆ.

3. ಹಂತಗಳನ್ನು ಗುಣಿಸಿ
ನಿಮಿಷಕ್ಕೆ 1440 ಸುತ್ತುವ ಮೋಟಾರಿನ ವೇಗವನ್ನು ಮೊದಲ ಹಂತ 5 ಪಟ್ಟು, ಎರಡನೆಯದು 8 ಪಟ್ಟು ಇಳಿಸಿದರೆ ಒಟ್ಟು ಇಳಿಕೆ 40 ಪಟ್ಟು. ಕೊನೆಯ ಚಕ್ರ 36 ಸುತ್ತಷ್ಟೇ ತಿರುಗುತ್ತದೆ. ತಿರುಗಿಸುವ ಬಲ ಮಾತ್ರ ಸುಮಾರು 40 ಪಟ್ಟು ಏರುತ್ತದೆ. ತಿಕ್ಕಾಟದಲ್ಲಿ ಸ್ವಲ್ಪ ಹೋಗುತ್ತದೆ. ವೇಗ ಬಿಟ್ಟುಕೊಟ್ಟು ಬಲ ಪಡೆಯುವುದು, ಬಲ ಬಿಟ್ಟುಕೊಟ್ಟು ವೇಗ ಪಡೆಯುವುದು: ಗೇರಿನ ಮೂಲಪಾಠ ಇಷ್ಟೇ. ಹೊಸ ಶಕ್ತಿಯನ್ನು ಗೇರು ಹುಟ್ಟಿಸುವುದಿಲ್ಲ.

4. ಟ್ರ್ಯಾಕ್ಟರಿನಲ್ಲಿ ಹೋಲಿಸಿ
ನೇಗಿಲು ಹೂಡಿದಾಗ ಚಾಲಕ ಕೆಳಗಿನ ಗೇರು ಹಾಕುತ್ತಾನೆ. ಓಟ ಕಡಿಮೆ, ಎಳೆತ ಹೆಚ್ಚು. ಮೆಕ್ಕೆಜೋಳ ಬಿಡಿಸುವ ಮಿಷನ್ ನಡೆಸುವ ಹಿಂಬದಿಯ ಪಿಟಿಒ (ಪವರ್ ಟೇಕ್-ಆಫ್) ದಂಡದ ರೂಢಿಯ ವೇಗ ನಿಮಿಷಕ್ಕೆ 540 ಸುತ್ತು. ಎಂಜಿನ್ನಿನ ವೇಗವನ್ನು ಅಷ್ಟಕ್ಕೆ ಇಳಿಸುವುದೂ ಗೇರುಗಳೇ.

5. ಗಾಳಿಯಂತ್ರದಲ್ಲಿ ತಿರುವಿ ನೋಡಿ
ಇಲ್ಲಿ ಲೆಕ್ಕ ಉಲ್ಟಾ. ರೆಕ್ಕೆ ನಿಮಿಷಕ್ಕೆ 15 ಸುತ್ತಿ, ಜನರೇಟರಿಗೆ 1500 ಬೇಕಾದರೆ ಗೇರು ಪೆಟ್ಟಿಗೆ ವೇಗವನ್ನು 100 ಪಟ್ಟು ಏರಿಸಬೇಕು. ಗೇರು ಪೆಟ್ಟಿಗೆಯೇ ಇಲ್ಲದ ಗಾಳಿಯಂತ್ರಗಳೂ ಇವೆ.

ಎಚ್ಚರಿಕೆ: ಓಡುವ ಯಂತ್ರದ ಹಲ್ಲು ಎಣಿಸಬೇಡಿ. ಮೋಟಾರಿನ ಪ್ಲಗ್ ಕೀಳಿಸಿ, ಟ್ರ್ಯಾಕ್ಟರಿನ ಎಂಜಿನ್ ನಿಲ್ಲಿಸಿ ಕೀಲಿ ತೆಗೆಸಿದ ಮೇಲೆಯೇ ಹತ್ತಿರ ಹೋಗಿ. ಹೆಗಲ ವಲ್ಲಿ, ಸೆರಗು, ಸಡಿಲ ತೋಳು ಪಿಟಿಒ ದಂಡಕ್ಕೆ ಸಿಕ್ಕರೆ ಜೀವವೇ ಹೋಗಬಹುದು.

ಇಷ್ಟಾದ ಮೇಲೆ ಪುಸ್ತಕ ತೆರೆಯಿರಿ. ಐಐಟಿ ಅಧ್ಯಾಪಕರ ಪಾಠಗಳು ಜಾಲತಾಣವಾದ ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಊರಿನ ಗ್ಯಾರೇಜಿನ ಮೇಸ್ತ್ರಿಯನ್ನೂ ಸಂಕೋಚವಿಲ್ಲದೆ ಕೇಳಿ. ಸವೆದ ಹಲ್ಲಿನ ಸದ್ದು ಗುರುತಿಸುವುದನ್ನು ಅವರಿಂದಲೇ ಕಲಿಯಬೇಕು.