ಮುಸುರೆ ಕುದಿಯಲಿ, ತಮ್ಮಾ

ತಮ್ಮಾ, ನೀನು ನಾಲ್ಕು ಹೆಣ್ಣು ಹಂದಿಮರಿ ಕಟ್ಟಿದ ಸುದ್ದಿಯನ್ನು ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಖುಷಿಯಾಯಿತು. ನಿಪ್ಪಾಣಿ ಹೆದ್ದಾರಿಯ ಧಾಬಾದವರು ದಿನಾ ಎರಡು ಡಬ್ಬಿ ಎಂಜಲು ಪುಕ್ಕಟೆ ಕೊಡಲು ಒಪ್ಪಿದ್ದಾರೆ ಅಂತಲೂ ಹೇಳಿದಳು. ಅದನ್ನು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಅದಕ್ಕೇ ಈ ಕಾಗದ.

ಆ ರಸ್ತೆಯಲ್ಲಿ ಯಾವ್ಯಾವ ರಾಜ್ಯದ ಲಾರಿಗಳು ನಿಂತು ಹೋಗುತ್ತವೆ ನೋಡು. ಯಾರ ಬುತ್ತಿಯಲ್ಲಿ ಎಲ್ಲಿಯ ಮಾಂಸ ಇತ್ತೋ, ತಿಂದು ಉಳಿದದ್ದನ್ನು ಯಾವ ಡಬ್ಬಿಗೆ ಹಾಕಿದರೋ, ಧಾಬಾದವನಿಗೂ ಗೊತ್ತಿರುವುದಿಲ್ಲ. ಆಫ್ರಿಕನ್ ಹಂದಿಜ್ವರದ ರೋಗಾಣು ಉಪ್ಪು ಹಚ್ಚಿ ಒಣಗಿಸಿದ ಹಂದಿಮಾಂಸದಲ್ಲೂ ತಿಂಗಳುಗಟ್ಟಲೆ ಬದುಕಿರುತ್ತದೆ. 2007ರಲ್ಲಿ ಅದು ಜಾರ್ಜಿಯಾ ದೇಶಕ್ಕೆ ಬಂದದ್ದು ಹಾಗೇ ಅಂತ ತಿಳಿದವರು ಹೇಳುತ್ತಾರೆ: ಪೋಟಿ ಬಂದರಿನಲ್ಲಿ ಹಡಗಿನ ಅಡುಗೆಮನೆಯ ಎಂಜಲನ್ನು ಊರ ಹಂದಿಗಳು ತಿಂದವು. ನಮ್ಮ ದೇಶದಲ್ಲಿ 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲದಲ್ಲಿ ಮೊದಲು ಕಂಡಿತು, 2022ರಲ್ಲಿ ವಯನಾಡಿಗೆ ಬಂತು, 2025ರ ಆಗಸ್ಟ್‌ನಲ್ಲಿ ಚಿಕ್ಕಬಳ್ಳಾಪುರಕ್ಕೂ ಬಂತು. ಬಂದರು ನಮ್ಮಲ್ಲಿಲ್ಲ ನಿಜ, ಹೆದ್ದಾರಿ ಇದೆಯಲ್ಲ.

ಈ ಜ್ವರ ಮನುಷ್ಯರಿಗೆ ತಗಲುವುದಿಲ್ಲ. ಹಂದಿಗೆ ಬಂದರೆ ಮಾತ್ರ ಔಷಧವಿಲ್ಲ, ನಮ್ಮಲ್ಲಿ ಲಸಿಕೆಯೂ ಇಲ್ಲ. ರೋಗ ಖಾತ್ರಿಯಾದರೆ ಸುತ್ತ ಒಂದು ಕಿಲೋಮೀಟರಿನೊಳಗಿನ ಹಂದಿಗಳನ್ನೆಲ್ಲ ಕೊಲ್ಲುತ್ತಾರೆ. ನಿನ್ನ ನಾಲ್ಕರ ಜೊತೆ, ನಿನ್ನ ಡಬ್ಬಿ ಮುಟ್ಟದ ಓಣಿಯವರ ಹಂದಿಗಳೂ ಹೋಗುತ್ತವೆ. ನನ್ನ ಹೆದರಿಕೆ ಇದೇ.

ಬ್ರಿಟನ್ನಿನಲ್ಲಿ 2001ರಲ್ಲಿ ಕಾಲುಬಾಯಿ ರೋಗ ಹರಡಿದ್ದು ಕುದಿಸದ ಎಂಜಲು ತಿನ್ನಿಸಿದ ಒಂದು ಹಂದಿ ಫಾರ್ಮಿನಿಂದ. ಆಮೇಲೆ ಅಲ್ಲಿ ಹಿತ್ತಲಲ್ಲಿ ಒಂದೇ ಹಂದಿ ಸಾಕಿದವರೂ ಅಡುಗೆಮನೆಯ ಎಂಜಲು ಹಾಕಬಾರದು ಅಂತ ಕಾನೂನಾಯಿತು. ಬಡವರಿಗೆ ಅಷ್ಟು ಕಟ್ಟು ಕಷ್ಟ, ನನಗೆ ಗೊತ್ತು. ಹಿಂಡಿಯ ರೇಟು ಕೇಳಿದರೆ ಎದೆ ಒಡೆಯುತ್ತದೆ. ಆದರೂ ಹೇಳುತ್ತೇನೆ: ಮಾಂಸ ತಾಗಿದ ಎಂಜಲು ಬೇಡವೇ ಬೇಡ. ಮನೆಗೆ ತಂದ ಹಂದಿಮಾಂಸ ತೊಳೆದ ನೀರನ್ನೂ ದೋಣಿಗೆ ಸುರಿಯಬೇಡ. ಬೇರೆ ಎಂಜಲು ತಂದರೂ ಕುದಿಸು. ತೊಂಬತ್ತು ಡಿಗ್ರಿ ಶಾಖದಲ್ಲಿ, ತಿರುವುತ್ತಾ, ಒಂದು ತಾಸು ಇಟ್ಟರೆ ಈ ರೋಗಾಣು ಸಾಯುತ್ತದೆ ಅಂತ ಪ್ಯಾರಿಸ್ಸಿನಲ್ಲಿರುವ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ನಿಯಮ. ನಮ್ಮ ಲೆಕ್ಕದಲ್ಲಿ ಕೊತಕೊತ ಕುದಿ ಬಂದ ಮೇಲೆ ಪೂರಾ ಒಂದು ತಾಸು. ಉರಿಗೆ ಕಬ್ಬಿನ ರವದಿ ಇದ್ದೇ ಇದೆ. ಹಸಿ ಎಂಜಲು ತಂದ ಬಕೀಟಿನಲ್ಲೇ ಕುದಿಸಿದ್ದನ್ನು ತುಂಬಿದರೆ ಮಾಡಿದ್ದೆಲ್ಲ ವ್ಯರ್ಥ. ಎರಡು ಬೇರೆ ಬಣ್ಣದ ಬಕೀಟು ಇಟ್ಟುಕೋ.

ಉಪ್ಪಿನ ವಿಷಯ ನಾನು ಪೆಟ್ಟು ತಿಂದು ಕಲಿತದ್ದು. ಒಮ್ಮೆ ಅಥಣಿ ಕಡೆಯ ಒಂದು ಮದುವೆ ಕಾರ್ಯಾಲಯದಿಂದ ಉಪ್ಪಿನಕಾಯಿ, ಹಪ್ಪಳ, ಸಾರು ಎಲ್ಲ ಕಲೆಸಿದ ಎಂಜಲು ತಂದು ಹಾಕಿದೆ. ಬಿರುಬಿಸಿಲು, ನೀರಿನ ದೋಣಿ ಒಣಗಿದ್ದನ್ನು ನೋಡಲಿಲ್ಲ. ಮರುದಿನ ಒಂದು ಹಂದಿ ಗೋಡೆಗೆ ಹಣೆ ಒತ್ತಿ ನಿಂತಿತ್ತು. ಇನ್ನೊಂದು ಇದ್ದಲ್ಲೇ ಸುತ್ತುತ್ತಿತ್ತು. ಮೂತಿ ಮೇಲೆತ್ತಿ ಹಿಂದಕ್ಕೆ ಕುಸಿದು, ಕಾಲು ಬಡಿದು, ಮತ್ತೆ ಎದ್ದು ಸುತ್ತುತ್ತಿತ್ತು. ಎರಡೂ ಸತ್ತವು. ಉಪ್ಪು ಹೆಚ್ಚಾಗಿ ನೀರು ಕಡಿಮೆಯಾದರೆ ಹಂದಿಯ ಮಿದುಳಿಗೇ ಪೆಟ್ಟು ಅಂತ ಡಾಕ್ಟರು ಆಮೇಲೆ ಹೇಳಿದರು. ಎಂಜಲನ್ನು ಕುದಿಸಿದರೆ ಉಪ್ಪು ಹೋಗುವುದಿಲ್ಲ, ನೆನಪಿಡು.

ರಾಯಬಾಗದ ಸಂತೆಯಲ್ಲಿ ಬೂಸ್ಟು ಹಿಡಿದ ಗೋವಿನಜೋಳ ಅಗ್ಗಕ್ಕೆ ಸಿಕ್ಕರೂ ತರಬೇಡ. ಸೋಯಾ ಹಸಿಯಾಗಿ ಹಾಕಬೇಡ, ಹುರಿದು ಹಾಕು. ತಂಬಾಕು ಕೊಯ್ದ ಹೊಲಕ್ಕೆ ಗಬ್ಬದ ಹಂದಿಯನ್ನು ಬಿಡಲೇಬೇಡ. 1960ರ ದಶಕದ ಕೊನೆಗೆ ಅಮೆರಿಕದ ಕೆಂಟಕಿಯಲ್ಲಿ ತಂಬಾಕಿನ ದಂಟು ತಿಂದ ಹಂದಿಗಳಿಗೆ ಕಾಲು ಸೊಟ್ಟಗಾದ ಮರಿಗಳು ಹುಟ್ಟಿದ್ದವು. ಬಯಲಿಗೆ ಬಿಟ್ಟರೆ ಹಂದಿ ಹೇಲು ತಿನ್ನುತ್ತದೆ. ಅದರಿಂದ ಲಾಡಿಹುಳುವಿನ ಗುಳ್ಳೆ ಮಾಂಸದಲ್ಲಿ ಬೆಳೆಯುತ್ತದೆ. ಅರೆಬೆಂದ ಆ ಮಾಂಸ ತಿಂದವರ ಹೊಟ್ಟೆಯಲ್ಲಿ ಹುಳು, ಹುಳುವಿನ ಮೊಟ್ಟೆ ಕೈಯಿಂದ ಬಾಯಿಗೆ ಹೋದರೆ ಮಿದುಳಿನಲ್ಲಿ ಗುಳ್ಳೆ, ಮೂರ್ಛೆ ರೋಗ. ಅದಕ್ಕೇ ಕಟ್ಟಿಯೇ ಸಾಕು.

ಒಂದು ಹಂದಿ ಮೇವು ಬಿಟ್ಟು, ಮೈ ಸುಟ್ಟು, ಕಿವಿ ಕೆಂಪಾದರೆ ಮುಚ್ಚಿಡಬೇಡ, ಕೊಯ್ದು ಮಾರಬೇಡ. ಪಂಚಾಯ್ತಿಗೋ ಪಶು ಆಸ್ಪತ್ರೆಗೋ ತಿಳಿಸಬೇಕು ಅಂತ 2009ರ ಕಾಯ್ದೆ ಇದೆ.

ಅಮಾವಾಸ್ಯೆ ಕಳೆದ ಮೇಲೆ ನಾನೇ ಬರುತ್ತೇನೆ. ನಮ್ಮ ಹಳೆಯ ಹಂಡೆ ತರುತ್ತೇನೆ, ತಳ ದಪ್ಪ ಇದೆ, ಬೇಗ ಸೀಯುವುದಿಲ್ಲ. ಅಲ್ಲಿಯ ತನಕ ಧಾಬಾದ ಡಬ್ಬಿ ತರಬೇಡ. ಗೋವಿನಜೋಳದ ನುಚ್ಚು, ತೌಡು, ಒಂದಿಷ್ಟು ಶೇಂಗಾ ಹಿಂಡಿ ಕಲೆಸಿ ಹಾಕುತ್ತಿರು. ಖರ್ಚು ಎಷ್ಟಾಯಿತು ಬರೆದಿಡು, ಬಂದಾಗ ಕೊಡುತ್ತೇನೆ.